ಕೌದಿ

ಮಾರ್ಗಶಿರ ಮಾಸದ ಇರುಳು. ಯರೆಯ ಹೊಲಗಳಲ್ಲಿ ಹಿಂಗಾರಿ ಜೋಳ ಎದೆಯೆತ್ತರ ಬೆಳೆದು ನಿಂತಿದೆ. ಅದರ ಗರಿಗಳ ಮೇಲಿಂದ ಬೀಸಿ ಬರುವ ಕುಳಿರ್ಗಾಳಿ ಊರಿನ ಓಣಿಗಳನ್ನು ಹೊಕ್ಕು, ಬಾಗಿಲ ಸಂದುಗಳಲ್ಲಿ ನುಸುಳಿ, ಮಲಗಿದವರ ಪಾದಗಳನ್ನು ಸೋಕುತ್ತದೆ. ಆಗ ನಿದ್ದೆಗಣ್ಣಿನಲ್ಲಿಯೇ ಕೈ ತಡಕಾಡಿ ಒಂದು ವಸ್ತುವನ್ನು ಹುಡುಕುತ್ತದೆ. ಅದನ್ನು ಕೊರಳವರೆಗೆ ಎಳೆದುಕೊಳ್ಳುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ವಸ್ತುವಿನ ಹೆಸರನ್ನು ಹೇಳಬೇಕಾಗಿಲ್ಲ. ಅದೇ ಕೌದಿ.

ಕೌದಿಯೆಂದರೆ ಹಳೆಯ ಬಟ್ಟೆಗಳನ್ನು ಪದರು ಪದರಾಗಿ ಹಾಸಿ, ಕೈಹೊಲಿಗೆಯಿಂದ ಒಂದಾಗಿಸಿದ ಹೊದಿಕೆ. ಹೊದೆಯಲೂ ಬರುತ್ತದೆ, ಹಾಸಲೂ ಬರುತ್ತದೆ. ಮಗುವಿನ ತೊಟ್ಟಿಲಿಗೆ ಚಿಕ್ಕದು, ಬಂದ ಬೀಗರಿಗೆ ದೊಡ್ಡದು. ಎಲ್ಲಮ್ಮನ ಗುಡ್ಡದ ಜಾತ್ರೆಗೆ ಚಕ್ಕಡಿ ಹೂಡಿ ಹೊರಟ ಕಾಲದಲ್ಲಿ ಹುಲ್ಲಿನ ಮೇಲೆ ಹಾಸಲು ಒಂದು, ರಾತ್ರಿ ಬಯಲಿನಲ್ಲಿ ಮಲಗಿದಾಗ ಹೊದೆಯಲು ಇನ್ನೊಂದು. ಮಹಾನವಮಿಗೆ ಮುಂಚೆ ಮನೆಯ ಕೌದಿಗಳೆಲ್ಲ ಹಳ್ಳಕ್ಕೋ ಹೊಳೆಗೋ ಹೋಗಿ, ಕಲ್ಲಿನ ಮೇಲೆ ಏಟು ತಿಂದು, ದಂಡೆಯ ಮೇಲೆ ಬಣ್ಣಬಣ್ಣವಾಗಿ ಒಣಗುತ್ತಿದ್ದ ನೋಟವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ಹರಿದುದನ್ನು ಎಸೆಯದೆ ಕೂಡಿಸಿ ಹೊಲಿಯುವ ಈ ವಿದ್ಯೆ ಒಂದೇ ಸೀಮೆಯ ಸೊತ್ತಲ್ಲ. ಚಿಂದಿಗಳನ್ನು ಸೇರಿಸಿ ಹೊಲಿದ ಹೊದಿಕೆಗೆ ಸಂಸ್ಕೃತದಲ್ಲಿ ‘ಕಂಥಾ’ ಎಂಬ ಹೆಸರುಂಟು. ಬಂಗಾಳದ ಹೆಂಗಸರು ಹಳೆಯ ಸೀರೆಗಳಿಂದ ಹೊಲಿಯುವ ಹೊದಿಕೆ ಇಂದಿಗೂ ‘ಕಾಂಥಾ’ ಎಂದೇ ಪ್ರಸಿದ್ಧವಾಗಿದೆ. ಮಹಾರಾಷ್ಟ್ರದಲ್ಲಿ ಇದೇ ‘ಗೋಧಡಿ’. ಹತ್ತಿ ಬೆಳೆಯದ ಉತ್ತರ ಜಪಾನಿನ ಚಳಿಯ ನಾಡಿನಲ್ಲಿ ಬಡ ರೈತರು ಸಿಕ್ಕ ಒಂದೊಂದು ತುಂಡನ್ನೂ ತೇಪೆಯ ಮೇಲೆ ತೇಪೆಯಾಗಿ ಹೊಲಿದು ‘ಬೋರೋ’ ಎಂಬ ಉಡುಪು ಹೊದಿಕೆಗಳನ್ನು ಮಾಡಿಕೊಂಡರು. ಇಟಲಿಯ ಸಿಸಿಲಿ ದ್ವೀಪದಲ್ಲಿ 14ನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಲಿದ ಒಂದು ಹೊದಿಕೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಚಳಿ ಎಲ್ಲೆಲ್ಲಿ ಇದೆಯೋ, ಬಟ್ಟೆ ಎಲ್ಲೆಲ್ಲಿ ದುರ್ಲಭವೋ, ಅಲ್ಲೆಲ್ಲ ಮನುಷ್ಯನ ಕೈ ಒಂದೇ ಉಪಾಯವನ್ನು ಕಂಡುಕೊಂಡಿದೆ.

ಆದರೆ ಪ್ರತಿಯೊಂದು ಸೀಮೆಯ ಹೊದಿಕೆಯೂ ಆ ಸೀಮೆಯ ಬಟ್ಟೆಯಿಂದಲೇ ಆಗಬೇಕಷ್ಟೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ತಾಲ್ಲೂಕುಗಳನ್ನು ಹಾಯ್ದು, ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಡೆದು ನಿಂತು, ರಾಮದುರ್ಗದ ಮಗ್ಗುಲಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅವಳ ಎರಡೂ ದಂಡೆಗಳ ಕಪ್ಪು ನೆಲ ಹತ್ತಿಗೆ ಹೆಸರಾದುದು. ಬೈಲಹೊಂಗಲದ ಪೇಟೆ ಹತ್ತಿಯ ವ್ಯಾಪಾರವನ್ನು ಕಂಡಿದೆ. ರಾಮದುರ್ಗದ ಓಣಿಗಳು ಮಗ್ಗದ ಸದ್ದನ್ನು ಕೇಳಿವೆ. ಮನೆಯ ಗಂಡಸರು ಉಟ್ಟು ಸವೆಸಿದ ಧೋತರ, ಹೆಂಗಸರು ಉಟ್ಟ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಮಕ್ಕಳ ಅಂಗಿ — ಇವೆಲ್ಲ ಕೊನೆಗೆ ಬಂದು ಸೇರುವ ಮನೆಯೇ ಕೌದಿ. ಹಲವು ಸಲ ಒಗೆದು ಮೆತ್ತಗಾದ ನೂಲಿನ ಬಟ್ಟೆ ಹೊಸದಕ್ಕಿಂತ ಮೈಗೆ ಹಿತ. ಅದರಲ್ಲಿ ಸೂಜಿಯೂ ಸಲೀಸಾಗಿ ಓಡುತ್ತದೆ.

ಕೌದಿಗೆ ಮೂರು ಅಂಗಗಳು. ಕಣ್ಣಿಗೆ ಕಾಣುವುದು ಮೇಲ್ಪದರ. ಬಣ್ಣಬಣ್ಣದ ತುಂಡುಗಳ ಚೆಲುವೆಲ್ಲ ಇಲ್ಲಿಯೇ. ಬೆನ್ನಿಗೆ ಇರುವುದು ಅಡಿಪದರ ಅಥವಾ ಅಸ್ತರ; ನೆಲದ ತಿಕ್ಕಾಟವನ್ನೆಲ್ಲ ಸಹಿಸುವುದು ಇದು. ಇವೆರಡರ ನಡುವೆ ಯಾರಿಗೂ ಕಾಣದೆ ಮಲಗಿರುವುದು ನಡುಪದರ. ಬೆಚ್ಚಗಿಡುವ ಕೆಲಸ ಮುಖ್ಯವಾಗಿ ಈ ನಡುಪದರದ್ದು. ಬಟ್ಟೆ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಪದರುಗಳ ನಡುವೆ, ನೂಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ಆದ್ದರಿಂದ ಮೈಯ ಬಿಸುಪು ಮೈಯ ಬಳಿಯೇ ಉಳಿಯುತ್ತದೆ. ಬಿಸಿ ಪಾತ್ರೆಯ ಕೆಳಗೆ ಮಡಿಸಿದ ಬಟ್ಟೆಯನ್ನು ಇಟ್ಟರೆ ಹಲಗೆ ಸುಡದಿರುವುದೂ ಇದೇ ಕಾರಣದಿಂದ. ಆದರೆ ಈ ಮೂರು ಪದರುಗಳು ಒಂದರ ಮೇಲೊಂದು ಸುಮ್ಮನೆ ಬಿದ್ದಿದ್ದರೆ ಸಾಲದು. ಒಂದು ಇನ್ನೊಂದನ್ನು ಬಿಟ್ಟು ಜಾರಬಾರದು. ಆ ಕೆಲಸ ಹೊಲಿಗೆಯದು.

ಹೊಲಿಗೆಯ ಮಹತ್ವ ತಿಳಿಯಬೇಕಾದರೆ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬೈಲಹೊಂಗಲದಿಂದ ಅಷ್ಟೇನೂ ದೂರವಲ್ಲದ ಹಳ್ಳಿ. ಮನೆಯಲ್ಲಿ ಆಯಿ, ಮಗ, ಸೊಸೆ, ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು. ಆಯಿ ಹೊಲಿದ ಕೌದಿಗಳು ಆ ಓಣಿಯಲ್ಲೆಲ್ಲ ಇವೆ. ಈಗ ಅವಳು ಹೊಲಿಯುವುದಿಲ್ಲ. ಒಂದು ದಿನ ಮೊಮ್ಮಗಳು ಗಂಟು ಬಿಚ್ಚಿದಾಗ ಖಣದ ತುಂಡುಗಳನ್ನೂ ಸೀರೆಯ ಸೆರಗಿನ ಚೂರುಗಳನ್ನೂ ಚೌಕಚೌಕವಾಗಿ ಜೋಡಿಸಿ ಹೊಲಿದ ಒಂದು ಮೇಲ್ಪದರ ಸಿಕ್ಕಿತು. ಅಗಲ ಇಪ್ಪತ್ತನಾಲ್ಕು ಇಂಚು, ಉದ್ದವೂ ಅಷ್ಟೇ. ತೊಟ್ಟಿಲಿಗೆಂದು ಆರಂಭಿಸಿದ್ದು, ಅಸ್ತರವಿಲ್ಲ, ನಡುಪದರವಿಲ್ಲ, ಅಂಚೂ ಇಲ್ಲ.

“ಆಯೀ, ಇದು ಅರ್ಧಾ ಯಾಕ ಉಳೀತು?”

“ಕಣ್ಣಾಗ ಪೊರಿ ಬಂತು ಯವ್ವಾ. ಸೂಜಿ ಕಾಣವಲ್ದು. ಕೈಗೆ ಗೊತ್ತೈತಿ, ಕಣ್ಣಿಗೆ ಗೊತ್ತಿಲ್ಲ.”

ಮನೆಗೆ ಆಗತಾನೆ ಒಂದು ಓದುವ ಮೇಜು ಬಂದಿತ್ತು. ಅದರ ಮೇಲೆ ಹಾಸಲು ಇದು ತಕ್ಕುದೆಂದು ಹುಡುಗಿಗೆ ತೋರಿತು. ತಾನೇ ಮುಗಿಸುವೆನೆಂದಳು. “ಮುಗಸು. ನಾ ಮುಟ್ಟಿ ನೋಡಿ ಹೇಳ್ತೀನಿ” ಎಂದಳು ಆಯಿ.

ಹುಡುಗಿಗೆ ಅವಸರ. ಮನೆಯಲ್ಲಿದ್ದ ಅರಳೆಯನ್ನು ಬಿಡಿಸಿ ನಡುವೆ ಹರಡಿದಳು; ಮೇಲೊಂದು ಕೆಳಗೊಂದು ಬಟ್ಟೆ ಇಟ್ಟು, ಒಂದೊಂದು ಗೇಣಿನ ಅಂತರದಲ್ಲಿ ನಾಲ್ಕಾರು ಸಾಲು ಹೊಲಿಗೆ ಎಳೆದು, ಎರಡೇ ದಿನಗಳಲ್ಲಿ ಮುಗಿಸಿದಳು. ನೋಡಲು ಉಬ್ಬುಬ್ಬಾಗಿ ಚೆನ್ನಾಗಿಯೇ ಇತ್ತು. ಆಯಿ ಅಂಗೈಯಿಂದ ಸವರಿ, ಏನೂ ಹೇಳದೆ, “ಒಮ್ಮೆ ಒಗದು ತೋರಸು” ಎಂದಳು. ಒಗೆದು ಹಿಂಡಿ ಹರವಿದಾಗ ಅರಳೆಯೆಲ್ಲ ಉಂಡೆಯಾಗಿ ಮೂಲೆ ಸೇರಿತ್ತು. ನಡುವೆ ಬಟ್ಟೆ ಪೊಳ್ಳಾಗಿ ಜೋತು ಬಿದ್ದಿತ್ತು. ಅಸ್ತರದ ಹೊಸ ಬಟ್ಟೆ ನೀರು ಕಂಡೊಡನೆ ಕುಗ್ಗಿ, ಅಂಚುಗಳು ಸೊಟ್ಟಗಾಗಿದ್ದವು. ಹುಡುಗಿಯ ಕಣ್ಣಲ್ಲಿ ನೀರು ಬಂತು.

“ಬಿಚ್ಚು” ಎಂದಳು ಆಯಿ. “ಬಿಚ್ಚಾಕ ಬರದವ್ರಿಗೆ ಹೊಲಿಯಾಕ ಬರೂದಿಲ್ಲ.”

ಬಿಚ್ಚಲು ಎರಡು ಸಂಜೆ ಹಿಡಿದವು. ಆಮೇಲೆ ಆಯಿ ಕಾರಣಗಳನ್ನು ಒಂದೊಂದಾಗಿ ಹೇಳಿದಳು. ಬಿಡಿ ಅರಳೆಗೆ ಹೊಲಿಗೆಯ ಹಿಡಿತ ದೂರವಾದರೆ ಅದು ನಿಂತಲ್ಲಿ ನಿಲ್ಲದು. ಗಾದಿಯನ್ನು ಒಗೆಯುವುದಿಲ್ಲ, ಆದ್ದರಿಂದ ಅಲ್ಲಿ ಅರಳೆ ಸಲ್ಲುತ್ತದೆ. ಕೌದಿಯನ್ನು ಮತ್ತೆ ಮತ್ತೆ ಒಗೆಯಬೇಕು. “ಅರಳಿ ಗಾದಿಗೆ ಛಲೋ, ಅರಿವಿ ಕೌದಿಗೆ ಛಲೋ.” ಹೊಸ ಬಟ್ಟೆಯನ್ನು ಸೇರಿಸುವುದಾದರೆ ಅದನ್ನು ಮೊದಲೇ ನೆನೆಸಿ ಒಣಗಿಸಬೇಕು, ಇಲ್ಲವಾದರೆ ಹಳೆಯದು ಹಾಗೆಯೇ ಉಳಿದು ಹೊಸದು ಮಾತ್ರ ಕುಗ್ಗುತ್ತದೆ, ಹೊಲಿಗೆ ಎರಡರ ನಡುವೆ ಸಿಕ್ಕಿ ನರಳುತ್ತದೆ.

ಹಾಗಾದರೆ ನಡುವೆ ಏನನ್ನು ಇಡಬೇಕು? ಆಯಿ ತನ್ನ ಪೆಟ್ಟಿಗೆಯನ್ನು ತೆರೆಸಿ, ಮಡಿಸಿಟ್ಟಿದ್ದ ಒಂದು ಬಿಳಿಯ ಧೋತರವನ್ನು ಹೊರಗೆ ತೆಗೆಸಿದಳು. ಅದು ತೀರಿಹೋದ ಅಜ್ಜನದು. ಹುಡುಗಿ ಕತ್ತರಿಯನ್ನು ಕೆಳಗಿಟ್ಟಳು.

“ಬ್ಯಾಡ ಆಯೀ. ಇದು ಅಜ್ಜಂದು.”

“ಪೆಟಿಗ್ಯಾಗ ಇಟ್ರ ನುಸಿ ತಿಂತಾವ. ಅವ್ರು ಸಾಲಿ ಮೆಟ್ಟಲಾ ಹತ್ತಲಿಲ್ಲ. ಅವರ ಧೋತರ ಆದ್ರೂ ನಿನ್ನ ಪುಸ್ತಕದ ಬುಡಕ ಇರಲಿ. ಕತ್ತರಸು.”

ಈ ಸಲ ಕೆಲಸ ನಿಧಾನವಾಗಿ ಸಾಗಿತು. ಮೊದಲು ಅಸ್ತರ. ಮೇಲ್ಪದರಕ್ಕಿಂತ ನಾಲ್ಕೂ ಕಡೆ ಎರಡೆರಡು ಇಂಚು ದೊಡ್ಡದಾಗಿ, ಅಂದರೆ ಇಪ್ಪತ್ತೆಂಟು ಇಂಚಿನ ಚೌಕವಾಗಿ ಕತ್ತರಿಸಿ, ಅದರ ಒಳಮೈ ಮೇಲೆ ಬರುವಂತೆ ನೆಲದ ಮೇಲೆ ಹಾಸಿ, ಸುಕ್ಕಿಲ್ಲದಂತೆ ಎಳೆದು, ಮೂಲೆಗಳಿಗೆ ಭಾರವಿಟ್ಟರು. ಅದರ ಮೇಲೆ ಧೋತರದ ನಾಲ್ಕು ತುಂಡುಗಳು, ಇಪ್ಪತ್ತಾರು ಇಂಚಿನವು, ಒಂದರ ಮೇಲೊಂದು. ಎಲ್ಲಕ್ಕೂ ಮೇಲೆ ಖಣದ ಮೇಲ್ಪದರ, ಸರಿಯಾಗಿ ನಡುವೆ. ಕೆಳಗಿನವು ದೊಡ್ಡವಾಗಿರುವುದು ವ್ಯರ್ಥವಲ್ಲ. ಹೊಲಿಯುತ್ತ ಹೋದಂತೆ ಬಟ್ಟೆ ತುಸು ಒಳಕ್ಕೆ ಸೇದಿಕೊಳ್ಳುತ್ತದೆ. ಮೊದಲೇ ಸಮನಾಗಿ ಕತ್ತರಿಸಿದ್ದರೆ ಕೊನೆಗೆ ಅಂಚಿನಲ್ಲಿ ಕೊರತೆ ಬೀಳುತ್ತದೆ.

ಆ ಮೇಲೆ ಕಚ್ಚಾ ಹೊಲಿಗೆ. ಉದ್ದುದ್ದ ದಾರದಿಂದ, ನಡುವಿನಿಂದ ಹೊರಟು ನಾಲ್ಕು ದಿಕ್ಕಿಗೂ ನಾಲ್ಕು ಮೂಲೆಗೂ ಸಡಿಲವಾದ ಸಾಲುಗಳು. ಇದು ಉಳಿಯುವ ಹೊಲಿಗೆಯಲ್ಲ. ಪದರುಗಳನ್ನು ತಾತ್ಕಾಲಿಕವಾಗಿ ಹಿಡಿದು ನಿಲ್ಲಿಸುವುದಷ್ಟೇ ಇದರ ಕೆಲಸ. ನಡುವಿನಿಂದ ಹೊರಡುವುದಕ್ಕೂ ಕಾರಣವುಂಟು: ಸುಕ್ಕೇನಾದರೂ ಇದ್ದರೆ ಅದು ಅಂಚಿನ ಕಡೆಗೆ ಸರಿದು ಬಯಲಾಗುತ್ತದೆ. ಇದನ್ನು ಬಿಟ್ಟವರ ಕೌದಿಯ ನಟ್ಟನಡುವೆ ಗುಬುಟು ಏಳುವುದು ಖಂಡಿತ.

ಇಷ್ಟಾದ ಮೇಲೆ ನಿಜವಾದ ಹೊಲಿಗೆ ಮೊದಲಾಯಿತು. ಬೆರಳಿಗೆ ಅಂಗುಸ್ತಾನ, ಗಟ್ಟಿಯಾದ ನೂಲು. ಅಂಚಿನ ಬಳಿಯಲ್ಲಿ ಹೊರಟ ಸಾಲು ನಾಲ್ಕು ಬದಿಗಳನ್ನೂ ಸುತ್ತಿ, ಒಂದು ಬೆರಳಗಲ ಒಳಕ್ಕೆ ಸರಿದು, ಮತ್ತೆ ಸುತ್ತಿ, ಚೌಕದೊಳಗೆ ಚೌಕವಾಗಿ ನಡುವಿನ ಕಡೆಗೆ ನಡೆಯಿತು. ಪ್ರತಿಯೊಂದು ಟಾಕಿಯೂ ಎಲ್ಲ ಪದರುಗಳನ್ನು ದಾಟಿ ಅಸ್ತರವನ್ನು ಮುಟ್ಟಿ ಬರಬೇಕು. ದಾರದ ಗಂಟನ್ನು ಮೆಲ್ಲನೆ ಜಗ್ಗಿ ಪದರುಗಳ ಒಳಗೆ ಅಡಗಿಸಬೇಕು. ಹೊರಗೆ ಉಳಿದ ಗಂಟು ತಿಕ್ಕಾಟಕ್ಕೆ ಸಿಕ್ಕಿ ಬಿಚ್ಚಿಕೊಳ್ಳುತ್ತದೆ. ಹುಡುಗಿ ಹೊಲಿದುದನ್ನು ಆಯಿ ಪ್ರತಿ ಸಂಜೆ ಬೆರಳ ತುದಿಯಿಂದ ಓದುತ್ತಿದ್ದಳು. ಸಡಿಲಾದ ಕಡೆ ಬೆರಳು ತಾನಾಗಿ ನಿಲ್ಲುತ್ತಿತ್ತು.

ಸಾಲುಗಳ ನಡುವಣ ಅಂತರ ಮುಕ್ಕಾಲು ಇಂಚು ಎಂದು ಹಿಡಿದರೆ, ಇಪ್ಪತ್ತನಾಲ್ಕು ಇಂಚಿನ ಚೌಕದಲ್ಲಿ ಹೊಲಿಗೆಯ ಒಟ್ಟು ಉದ್ದ ಸುಮಾರು 768 ಇಂಚು. ಇಂಚಿಗೆ ನಾಲ್ಕು ಟಾಕಿಗಳಂತೆ ಮೂರು ಸಾವಿರಕ್ಕೂ ಹೆಚ್ಚು ಟಾಕಿಗಳು. ಇದು ಮೇಜಿನ ಚಿಕ್ಕ ಹಾಸು. ಆರು ಅಡಿ ಉದ್ದ, ಐದು ಅಡಿ ಅಗಲದ ಹೊದಿಕೆಯಾದರೆ ಇದೇ ಲೆಕ್ಕದಲ್ಲಿ ಇಪ್ಪತ್ತಮೂರು ಸಾವಿರ ಟಾಕಿಗಳಾಗುತ್ತವೆ. ಒಂದೊಂದು ಕೌದಿಯಲ್ಲಿಯೂ ಒಬ್ಬ ಹೆಣ್ಣುಮಗಳು ಅಷ್ಟು ಸಲ ಸೂಜಿಯನ್ನು ಚುಚ್ಚಿದ್ದಾಳೆ, ಅಷ್ಟು ಸಲ ಎಳೆದಿದ್ದಾಳೆ.

ಕೊನೆಗೆ ಅಂಚು. ಕೌದಿ ಮೊದಲು ಹರಿಯುವುದು ಅಂಚಿನಲ್ಲಿ. ಆದ್ದರಿಂದ ಕೊನೆಯ ಕೆಲಸದಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ಹೊರಗೆ ಚಾಚಿದ ಧೋತರದ ಅಂಚನ್ನು ಮೇಲ್ಪದರಕ್ಕೆ ಸಮನಾಗಿ ಕತ್ತರಿಸಿದರು. ಅಸ್ತರವನ್ನು ಮಾತ್ರ ನಾಲ್ಕೂ ಕಡೆ ಒಂದಿಂಚು ಹೊರಗೆ ಉಳಿಸಿದರು. ಮೂಲೆಯ ತುದಿಯನ್ನು ಮೊದಲು ಓರೆಯಾಗಿ ಒಳಕ್ಕೆ ಮಡಿಸಿ, ಬಳಿಕ ಬದಿಯ ಒಂದಿಂಚನ್ನು ಅರ್ಧಕ್ಕೆ ಮಡಿಸಿ, ಮತ್ತೊಮ್ಮೆ ಮೇಲ್ಪದರದ ಮೇಲಕ್ಕೆ ಮಡಿಸಿದಾಗ ಅರ್ಧ ಇಂಚಿನ ಅಚ್ಚುಕಟ್ಟಾದ ಪಟ್ಟಿಯಾಯಿತು. ಹರಿದ ಎಳೆಗಳೆಲ್ಲ ಅದರೊಳಗೆ ಮರೆಯಾದವು. ಪಟ್ಟಿಯನ್ನು ಸಣ್ಣ ಟಾಕಿಗಳಿಂದ ಹೊಲಿದು, ಕಚ್ಚಾ ದಾರಗಳನ್ನು ಕಿತ್ತು ತೆಗೆದರು.

ಒಂದು ಮೂಲೆಯನ್ನು ಮಾತ್ರ ಆಯಿ ತೆರೆದಿಡಲು ಹೇಳಿದ್ದಳು. ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು, ಮುಚ್ಚುವ ಮುನ್ನ ರೊಟ್ಟಿಯ ಒಂದು ಚೂರನ್ನು ಒಳಗಿಡುವ ರೂಢಿ ಕೆಲವು ಮನೆಗಳಲ್ಲಿ ಉಂಟು. ಹೊದ್ದವರಿಗೆ ಅನ್ನದ ಕೊರತೆಯಾಗದಿರಲಿ ಎಂಬ ಹಾರೈಕೆ ಅದರಲ್ಲಿದೆ. ಆಯಿ ಒಣಗಿದ ಜೋಳದ ರೊಟ್ಟಿಯ ಉಗುರಗಲದ ಚೂರನ್ನು ತನ್ನ ಕೈಯಿಂದಲೇ ಇಟ್ಟಳು. ಕೊನೆಯ ಟಾಕಿಯನ್ನು ಹುಡುಗಿ ಹಾಕಿದಳು.

ಇಂಥ ಮನೆಗಳು ಕಲ್ಪನೆಯಲ್ಲಿ ಮಾತ್ರ ಇರುವಂಥವಲ್ಲ. ಕಿತ್ತೂರಿನ ತೆಂಕಣಕ್ಕೆ ಕಾಡಿನ ಸೆರಗಿನಲ್ಲಿರುವ ಹಳಿಯಾಳ, ಅದರಾಚೆಯ ಯಲ್ಲಾಪುರ, ಮುಂಡಗೋಡಗಳಲ್ಲಿ ನೆಲಸಿರುವ ಸಿದ್ದಿ ಜನರ ಹೆಂಗಸರೂ ಕೌದಿಯನ್ನು ಹೊಲಿಯುತ್ತಾರೆ. ಆಫ್ರಿಕದಿಂದ ಬಂದವರ ಸಂತತಿ ಇವರದು. ಮೂಲೆಗಳಲ್ಲಿ ಬಟ್ಟೆಯನ್ನು ಪದರು ಪದರಾಗಿ ಮಡಿಸಿ ‘ಫೂಲ’ ಅಂದರೆ ಹೂವುಗಳನ್ನು ಇಡದಿದ್ದರೆ ಅವರ ದೃಷ್ಟಿಯಲ್ಲಿ ಕೌದಿ ಪೂರ್ಣವಾದಂತಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಕೌದಿಗಳನ್ನು ಅಭ್ಯಸಿಸಿ ಹೊರನಾಡುಗಳಿಗೆ ಪರಿಚಯಿಸಿದರು. ಅಮೆರಿಕದ ಅಲಬಾಮಾ ಪ್ರಾಂತದ ಜೀಸ್ ಬೆಂಡ್ ಎಂಬ ಬಡ ಹಳ್ಳಿಯದೂ ಇಂಥದೇ ಕಥೆ. ಗುಲಾಮರ ಸಂತತಿಯ ಹೆಂಗಸರು ಅಲ್ಲಿ ಮಕ್ಕಳನ್ನು ಬೆಚ್ಚಗಿಡಲು ಹಳೆಯ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದ ಗೋಡೆಯನ್ನೇರಿದವು; 2006ರಲ್ಲಿ ಆ ದೇಶದ ಅಂಚೆಚೀಟಿಗಳ ಮೇಲೆ ಅಚ್ಚಾದವು. ಹೊಲಿದವರಲ್ಲಿ ಎಷ್ಟೋ ಮಂದಿ ತಾವು ಕಲೆಯನ್ನು ಸೃಷ್ಟಿಸುತ್ತಿದ್ದೇವೆಂದು ಎಣಿಸಿದವರಲ್ಲ.

ಈಗ ಕಾಲ ಬದಲಾಗಿದೆ. ಯಂತ್ರದ ರಗ್ಗು ಸಂತೆಯಲ್ಲಿ ಅಗ್ಗಕ್ಕೆ ದೊರೆಯುತ್ತದೆ. ನೂಲಿನ ಸೀರೆಯ ಬದಲು ಪಾಲಿಯೆಸ್ಟರ್ ಸೀರೆಗಳು ಬಂದಿವೆ. ಅವು ಬೆವರನ್ನು ಹೀರವು, ಪದರಾಗಿ ಇಟ್ಟರೆ ನಿಲ್ಲದೆ ಜಾರುತ್ತವೆ. ಕೌದಿಯ ಹೊಲಿಗೆಯನ್ನೇ ನಂಬಿದ ಹೆಂಗಸರು ಕೂಲಿ ಕೇಳಿದಾಗ, ‘ಹಳೆಯ ಬಟ್ಟೆಗೆ ಇಷ್ಟೇಕೆ?’ ಎನ್ನುವವರೇ ಹೆಚ್ಚು. ಬಟ್ಟೆ ಹಳೆಯದು, ನಿಜ. ಆದರೆ ಇಪ್ಪತ್ತಮೂರು ಸಾವಿರ ಟಾಕಿಗಳು ಹಳೆಯವಲ್ಲ. ಪಟ್ಟಣದ ವಸತಿನಿಲಯಕ್ಕೆ ಹೊರಟ ಮಗ ಕೌದಿಯನ್ನು ನಾಚಿಕೆಯಿಂದ ಮನೆಯಲ್ಲಿಯೇ ಬಿಟ್ಟು ಹೋಗುವುದೂ ಉಂಟು. ಅದೇ ಹೊಲಿಗೆಯ ಚೀಲ, ಮೇಜಿನ ಹಾಸು, ದಿಂಬಿನ ಚೀಲಗಳನ್ನು ದೊಡ್ಡ ನಗರಗಳ ಅಂಗಡಿಗಳಲ್ಲಿ ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ ಎಂಬುದು ಅವನಿಗೆ ತಿಳಿಯದು.

1824ರಲ್ಲಿ ಕಂಪನಿಯ ಸೈನ್ಯವನ್ನು ಎದುರಿಸಿ ನಿಂತ ಕಿತ್ತೂರ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದಾಗಲೇ ಕಣ್ಮುಚ್ಚಿದಳು. ಆಕೆಯ ಸಮಾಧಿ ಅಲ್ಲಿದೆ. ನಾಡು ಆಕೆಗೆ ತಲೆಬಾಗುತ್ತದೆ. ಖಡ್ಗವನ್ನು ಹಿಡಿದ ಕೈಯನ್ನು ಇತಿಹಾಸ ನೆನೆಯುವುದು ಯೋಗ್ಯವೇ. ಅದೇ ಮಣ್ಣಿನಲ್ಲಿ ಸೂಜಿಯನ್ನು ಹಿಡಿದು, ಮನೆಯ ಮಕ್ಕಳನ್ನು ಚಳಿಯಿಂದ ಕಾದ ಕೈಗಳಿಗೆ ಶಾಸನವಿಲ್ಲ, ಸಮಾಧಿಯಿಲ್ಲ. ಅವುಗಳ ಬರಹವಿರುವುದು ಕೌದಿಯ ಸಾಲುಗಳಲ್ಲಿ ಮಾತ್ರ. ಅದನ್ನು ಓದಲು ಕಣ್ಣಿಲ್ಲದ ಆಯಿಗೂ ಬರುತ್ತಿತ್ತು.

ಇಂದು ರಾತ್ರಿ ಮಲಗುವ ಮುನ್ನ ಮನೆಯ ಕೌದಿಯನ್ನು ಒಮ್ಮೆ ತಿರುವಿ ನೋಡಬಹುದು. ಮೇಲಿನ ಬಣ್ಣಗಳನ್ನಲ್ಲ, ಬೆನ್ನಿನ ಹೊಲಿಗೆಗಳನ್ನು. ಅದು ಯಾರ ಸೀರೆ, ಯಾರ ಧೋತರ ಎಂದು ಹಿರಿಯರನ್ನು ಕೇಳಬಹುದು. ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಬೇಕಾದ ಪ್ರಶ್ನೆ ಅದು.

ಅಭ್ಯಾಸ

1. ಕೌದಿಯ ಮೂರು ಅಂಗಗಳು ಯಾವುವು? ಪ್ರತಿಯೊಂದರ ಕೆಲಸವೇನು?
2. ಕೌದಿ ಮೈಯನ್ನು ಬೆಚ್ಚಗಿಡುವ ಬಗೆಯನ್ನು ವಿವರಿಸಿರಿ.
3. ಹುಡುಗಿ ಮೊದಲ ಸಲ ಮಾಡಿದ ತಪ್ಪುಗಳಾವುವು? ಅವುಗಳ ಪರಿಣಾಮವೇನಾಯಿತು?
4. “ಬಿಚ್ಚಾಕ ಬರದವ್ರಿಗೆ ಹೊಲಿಯಾಕ ಬರೂದಿಲ್ಲ” — ಈ ಮಾತನ್ನು ಯಾರು ಯಾರಿಗೆ ಹೇಳಿದರು? ಇದರ ಸ್ವಾರಸ್ಯವೇನು?
5. ಆಯಿ ಧೋತರವನ್ನು ಕತ್ತರಿಸಲು ಏಕೆ ಒಪ್ಪಿದಳು?
6. ನಿಮ್ಮ ಮನೆಯ ಅಥವಾ ನೆರೆಮನೆಯ ಒಂದು ಕೌದಿಯನ್ನು ನೋಡಿ, ಅದರಲ್ಲಿರುವ ಬಟ್ಟೆಗಳ ಕಥೆಯನ್ನು ಹಿರಿಯರಿಂದ ಕೇಳಿ, ಒಂದು ಪುಟದಷ್ಟು ಬರೆಯಿರಿ.